ಮನೆ ರೆಕಾರ್ಡಿಂಗ್‌ನಲ್ಲಿ ದನಿ ತಡವಾದರೆ, ಚಟಪಟ ಅಂದರೆ: ಕಾರಣ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ಹಾಡಲು ನಿಂತರೆ ನಿಮ್ಮದೇ ದನಿ ಒಂದು ಕ್ಷಣ ತಡವಾಗಿ ಕಿವಿಗೆ ಬೀಳುತ್ತದೆ, ತಾಳ ಕೈತಪ್ಪುತ್ತದೆ. ಯಾರೋ ಹೇಳಿದರೆಂದು ಬಫರ್ (ದನಿಯನ್ನು ಗಂಟು ಕಟ್ಟಿ ಸಾಗಿಸುವ ಅಳತೆ) ಇಳಿಸಿದರೆ ತಡವೇನೋ ಹೋಗುತ್ತದೆ, ಅದರ ಜಾಗಕ್ಕೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು ಬಂದು ಕೂರುತ್ತದೆ. ಮತ್ತೆ ಏರಿಸಿದರೆ ಚಟಪಟ ನಿಲ್ಲುತ್ತದೆ, ತಡ ವಾಪಸು ಬರುತ್ತದೆ. ಹೀಗೆ ಎರಡರ ನಡುವೆ ಓಡಾಡಿ ಸಾಕಾದವರು ಕೊನೆಗೆ ಹೊಸ ಲ್ಯಾಪ್‌ಟಾಪಿನ ಬೆಲೆ ವಿಚಾರಿಸುತ್ತಾರೆ. ಬಹಳಷ್ಟು ಸಲ ಅದರ ಅಗತ್ಯವೇ ಇರುವುದಿಲ್ಲ. ತಪ್ಪು ಡ್ರೈವರ್ (ಸಾಧನವನ್ನು ವಿಂಡೋಸಿಗೆ ಹೊಂದಿಸುವ ಸಾಫ್ಟ್‌ವೇರ್), ಹೊಂದದ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯ ಎಷ್ಟು ಸ್ಯಾಂಪಲ್, ಅಂದರೆ ಅಳತೆಗಳು, ಎಂಬ ಸಂಖ್ಯೆ), ಸಡಿಲವಾದ ಕೇಬಲ್, ವೈಫೈ ಡ್ರೈವರ್, ಎಲ್ಲ ಟ್ರ್ಯಾಕ್‌ಗಳೂ ಕೂಡುವ ಮಾಸ್ಟರ್ ಟ್ರ್ಯಾಕಿನ ಮೇಲೆ ಕೂತಿರುವ ಒಂದು ಭಾರೀ ಪ್ಲಗಿನ್ (ದನಿಯನ್ನು ತಿದ್ದುವ ಪುಟ್ಟ ಸಾಫ್ಟ್‌ವೇರ್) ಇವುಗಳಲ್ಲೇ ಒಂದು ಕಾರಣವಾಗಿರುತ್ತದೆ.

ಇಲ್ಲಿ ವಿಂಡೋಸ್ 10 ಅಥವಾ 11 ಇರುವ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕನ್ನೂ ಹೆಡ್‌ಫೋನನ್ನೂ ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡು ವಿವರಿಸಿದ್ದೇವೆ. ಕ್ಯೂಬೇಸ್, ಏಬಲ್ಟನ್, ಎಫ್‌ಎಲ್ ಸ್ಟುಡಿಯೋ ಬಳಸುವವರಿಗೆ ಮೆನುವಿನ ಹೆಸರು ಬೇರೆ ಇರಬಹುದು, ಕೆಲಸ ಅದೇ. ಮ್ಯಾಕ್ ಬಗ್ಗೆ ಕೊನೆಯ ಹೊತ್ತಿಗೆ ಬರುತ್ತೇವೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಚೀಟಿಯಲ್ಲಿ ಬರೆದಿಡಿ. ಒಂದೇ ಸಂಜೆ ಹತ್ತು ಸೆಟ್ಟಿಂಗ್ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎನ್ನುವುದೂ ಗೊತ್ತಾಗುವುದಿಲ್ಲ, ಯಾವುದರಿಂದ ಕೆಟ್ಟಿತು ಎನ್ನುವುದೂ ಗೊತ್ತಾಗುವುದಿಲ್ಲ.

ಮೊದಲು ತೊಂದರೆ ಯಾವುದು ಅಂತ ಖಚಿತ ಮಾಡಿಕೊಳ್ಳಿ

"ಲ್ಯಾಗ್" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಹಾಡುತ್ತಿರುವಾಗ ನಿಮ್ಮ ದನಿ ಹೆಡ್‌ಫೋನಿಗೆ ತಡವಾಗಿ ಬರುವುದು ಒಂದು. ಹಾಡುವಾಗ ಎಲ್ಲ ಸರಿಯಿದ್ದು, ಆಮೇಲೆ ಕೇಳಿದರೆ ರೆಕಾರ್ಡ್ ಆದ ದನಿ ಹಿನ್ನೆಲೆ ಸಂಗೀತಕ್ಕಿಂತ ಹಿಂದೆ ಬಿದ್ದಿರುವುದು ಇನ್ನೊಂದು. ಮೊದಲನೆಯದಕ್ಕೆ ಬಫರ್ ಮತ್ತು ಡೈರೆಕ್ಟ್ ಮಾನಿಟರಿಂಗ್ (ದನಿಯನ್ನು ಇಂಟರ್‌ಫೇಸಿನಿಂದಲೇ ನೇರವಾಗಿ ಕೇಳುವುದು) ಪರಿಹಾರ. ಎರಡನೆಯದಕ್ಕೆ ಬಫರ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಅದನ್ನು ಅಳೆದು ಸರಿದೂಗಿಸಬೇಕು.

ಚಟಪಟ ಸದ್ದಿನಲ್ಲೂ ಕವಲುಗಳಿವೆ. ಸದ್ದು ಬಂದ ಜಾಗವನ್ನು ಎರಡು ಸಲ ಪ್ಲೇ ಮಾಡಿ. ಎರಡೂ ಸಲ ಅದೇ ಜಾಗದಲ್ಲಿ ಬಂದರೆ ಅದು ಫೈಲಿನೊಳಗೇ ಕೂತಿದೆ. ಜಾಗ ಬದಲಾಗುತ್ತಿದ್ದರೆ ಫೈಲ್ ಚೆನ್ನಾಗಿದೆ, ಪ್ಲೇ ಮಾಡುವಾಗ ಕಂಪ್ಯೂಟರಿಗೆ ಪುರಸೊತ್ತು ಸಾಲುತ್ತಿಲ್ಲ ಅಷ್ಟೆ. ಫೈಲಿನೊಳಗೇ ಇದ್ದರೆ ವೇವ್‌ಫಾರ್ಮನ್ನು ಒಂದೊಂದು ಸ್ಯಾಂಪಲ್ ಕಾಣುವಷ್ಟು ದೊಡ್ಡದು ಮಾಡಿ ನೋಡಿ. ಅಲೆಯ ಗೆರೆ ಹಠಾತ್ತನೆ ನೆಟ್ಟಗೆ ಮೇಲೆ ಅಥವಾ ಕೆಳಗೆ ಜಿಗಿದಿದ್ದರೆ, ಇಲ್ಲವೇ ನಡುವೆ ಒಂದು ತುಂಡು ಸಪಾಟಾಗಿದ್ದರೆ, ಅದು ಡ್ರಾಪ್‌ಔಟ್: ಬಫರ್ ಖಾಲಿಯಾದದ್ದರ ಗುರುತು. ಅಲೆಯ ತುದಿಗಳನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಅದು ಕ್ಲಿಪ್ಪಿಂಗ್. ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ) ಜಾಸ್ತಿಯಾಗಿದೆ. ಏರುದನಿಯಲ್ಲಿ ಹಾಡಿದಾಗಲೂ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲುವಷ್ಟಕ್ಕೆ ಇಳಿಸಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಇಷ್ಟು ಇಳಿಸಿದ್ದರಿಂದ ಏನೂ ನಷ್ಟವಿಲ್ಲ.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ರೆಕಾರ್ಡಿಂಗ್ ಸಾಫ್ಟ್‌ವೇರ್ ಮುಚ್ಚಿ, ಇಂಟರ್‌ಫೇಸಿಗೇ ಹೆಡ್‌ಫೋನ್ ಚುಚ್ಚಿ ಮಾತಾಡಿ. ಈಗಲೂ ಚಟಪಟ ಇದ್ದರೆ ಸಾಫ್ಟ್‌ವೇರ್ ನಿರಪರಾಧಿ. ಮೈಕ್ ಕೇಬಲ್ಲನ್ನು ಎರಡೂ ತುದಿಯಲ್ಲಿ ಅಲ್ಲಾಡಿಸಿ ನೋಡಿ, ಇನ್ನೊಂದು ಕೇಬಲ್ ಹಾಕಿ ನೋಡಿ, ಕಂಡೆನ್ಸರ್ ಮೈಕಾದರೆ ಅದಕ್ಕೆ ಬೇಕಾದ 48 ವೋಲ್ಟಿನ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್, ಹಾಕಿದ್ದೀರಾ ನೋಡಿ. ನೂರಿನ್ನೂರು ರೂಪಾಯಿಯ ಕೇಬಲ್ ಕೆಟ್ಟದ್ದಕ್ಕೆ ವಿಂಡೋಸ್ ಮರುಸ್ಥಾಪನೆ ಮಾಡುವುದೆಂದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆ.

ಚಟಪಟ ಅಲ್ಲದೆ ಒಂದೇ ಸಮನೆ "ಗುಂಯ್" ಅನ್ನುತ್ತಿದ್ದರೆ ಅದು ಕರೆಂಟಿನದು. ನಮ್ಮಲ್ಲಿ ಮನೆಗೆ ಬರುವುದು 50 ಹರ್ಟ್ಸ್‌ನ ವಿದ್ಯುತ್ತು. ಆ 50 ಮತ್ತು ಅದರ ಗುಣಕಗಳಾದ 100, 150 ಸೇರಿ ಈ ಗುಂಯ್‌ಗುಡುವಿಕೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಕೇಳಿ. ಸದ್ದು ಹೋದರೆ ಚಾರ್ಜರ್ ಅಥವಾ ಅರ್ತಿಂಗ್ ಸಮಸ್ಯೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟು ಹೋದ ತಕ್ಷಣ ಈ ಸದ್ದು ದಪ್ಪವಾಗುವುದೂ ಉಂಟು. ಇದಕ್ಕೂ ಬಫರಿಗೂ ಯಾವ ಸಂಬಂಧವೂ ಇಲ್ಲ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದರೆ ಈಗಲೇ ತೆಗೆದಿಡಿ. ಸಾಮಾನ್ಯ ಬ್ಲೂಟೂತಿನಲ್ಲಿ 100ರಿಂದ 300 ಮಿಲಿಸೆಕೆಂಡಿನವರೆಗೂ ತಡ ಇರುತ್ತದೆ, ಅದನ್ನು ಯಾವ ಸೆಟ್ಟಿಂಗೂ ಕಡಿಮೆ ಮಾಡಲಾರದು. ಅದರ ಮೈಕನ್ನೂ ಬಳಸಿದರೆ ಹೆಡ್‌ಸೆಟ್ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ರೆಕಾರ್ಡಿಂಗ್‌ಗೆ ವೈರಿನ ಹೆಡ್‌ಫೋನೇ ಬೇಕು, ಅದೂ ಇಂಟರ್‌ಫೇಸಿಗೇ ಚುಚ್ಚಬೇಕು.

ಬಫರ್ ಅಂದರೇನು, ಎಷ್ಟಿರಬೇಕು

ಕಂಪ್ಯೂಟರ್ ದನಿಯನ್ನು ಒಂದೊಂದು ಸ್ಯಾಂಪಲ್ಲಾಗಿ ಮುಟ್ಟುವುದಿಲ್ಲ, ಗಂಟು ಕಟ್ಟಿಕೊಂಡು ಸಾಗಿಸುತ್ತದೆ. ಬಾವಿಯಿಂದ ಬಚ್ಚಲಿನ ಹಂಡೆಗೆ ನೀರು ಹೊರುವುದನ್ನು ನೆನೆಯಿರಿ. ಚೊಂಬಿನಲ್ಲಿ ತಂದರೆ ಮೊದಲ ನೀರು ಬೇಗ ಸಿಗುತ್ತದೆ, ಆದರೆ ಓಡಾಟ ನಿಲ್ಲುವ ಹಾಗಿಲ್ಲ. ದಾರಿಯಲ್ಲಿ ಯಾರೋ ಮಾತಿಗೆ ನಿಲ್ಲಿಸಿದರೆ ಹಂಡೆ ಬರಿದು. ಕೊಡದಲ್ಲಿ ತಂದರೆ ಓಡಾಟ ಕಡಿಮೆ, ಆದರೆ ಕೊಡ ತುಂಬುವ ತನಕ ಕಾಯಬೇಕು. ಆ ಚೊಂಬು ಅಥವಾ ಕೊಡವೇ ಬಫರ್. ಹಂಡೆ ಬರಿದಾದ ಗಳಿಗೆಯೇ "ಚಟ್" ಎಂಬ ಸದ್ದು.

ಲೆಕ್ಕ ಸುಲಭ: ಬಫರಿನ ಸ್ಯಾಂಪಲ್ ಸಂಖ್ಯೆಯನ್ನು ಸ್ಯಾಂಪಲ್ ರೇಟಿನಿಂದ ಭಾಗಿಸಿ. 48 ಕಿಲೋಹರ್ಟ್ಸ್‌ನಲ್ಲಿ

64 ಸ್ಯಾಂಪಲ್: 1.3 ಮಿಲಿಸೆಕೆಂಡ್
128 ಸ್ಯಾಂಪಲ್: 2.7 ಮಿಲಿಸೆಕೆಂಡ್
256 ಸ್ಯಾಂಪಲ್: 5.3 ಮಿಲಿಸೆಕೆಂಡ್
512 ಸ್ಯಾಂಪಲ್: 10.7 ಮಿಲಿಸೆಕೆಂಡ್
1024 ಸ್ಯಾಂಪಲ್: 21.3 ಮಿಲಿಸೆಕೆಂಡ್

ಇದು ಒಂದು ಕಡೆಯ ಪಯಣ ಮಾತ್ರ. ದನಿ ಒಳಗೆ ಬರಲು ಒಂದು ಬಫರ್, ಹೊರಗೆ ಹೋಗಲು ಇನ್ನೊಂದು. ಜೊತೆಗೆ ಡ್ರೈವರ್ ತನ್ನ ಭದ್ರತೆಗೆಂದು ಇಟ್ಟುಕೊಂಡ ಒಂದಿಷ್ಟು, ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಚಿಪ್‌ಗಳದ್ದು ಒಂದಿಷ್ಟು. ಹಾಗಾಗಿ 256 ಇಟ್ಟರೆ ಹೋಗಿಬರುವ ಒಟ್ಟು ತಡ 10.7ಕ್ಕಿಂತ ಮೇಲೇ ಇರುತ್ತದೆ. ರೀಪರ್ ಕಿಟಕಿಯ ಮೇಲ್ಗಡೆ ಬಲಮೂಲೆಯಲ್ಲಿ ಸ್ಯಾಂಪಲ್ ರೇಟ್, ಬಫರ್, ಆಮೇಲೆ ಒಳಬರುವ ಮತ್ತು ಹೊರಹೋಗುವ ತಡ ಎರಡನ್ನೂ ಓರೆಗೆರೆಯ ಆಚೀಚೆ ತೋರಿಸುತ್ತದೆ. ಎರಡನ್ನೂ ಕೂಡಿ.

ಎಷ್ಟು ತಡವನ್ನು ತಡೆದುಕೊಳ್ಳಬಹುದು? ಗಾಳಿಯಲ್ಲಿ ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. 10 ಮಿಲಿಸೆಕೆಂಡ್ ಎಂದರೆ 3.4 ಮೀಟರ್ ದೂರದಲ್ಲಿ ಕೂತ ಮೃದಂಗದವರನ್ನು ಕೇಳಿದಂತೆ. ಕಚೇರಿಯಲ್ಲಿ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಕೀಬೋರ್ಡ್, ಗಿಟಾರ್ ನುಡಿಸುವವರಿಗೆ 10ರ ಸುತ್ತಮುತ್ತ ಸಾಕು. ಹಾಡುವವರ ಕಥೆ ಬೇರೆ: ಅವರ ದನಿ ತಲೆಬುರುಡೆಯ ಮೂಲಕ ಕಿವಿಗೆ ಆಗಲೇ ಮುಟ್ಟಿರುತ್ತದೆ. ಹೆಡ್‌ಫೋನಿನ ದನಿ ನಾಲ್ಕೈದು ಮಿಲಿಸೆಕೆಂಡ್ ತಡವಾಗಿ ಬಂದು ಅದರೊಡನೆ ಬೆರೆತರೆ ತಡ ಅನ್ನಿಸದಿದ್ದರೂ ಡಬ್ಬದೊಳಗೆ ಹಾಡಿದಂತೆ ಟೊಳ್ಳಾಗಿ ಕೇಳುತ್ತದೆ. ಹಾಡುವವರಿಗೆ ಡೈರೆಕ್ಟ್ ಮಾನಿಟರಿಂಗ್ ಬೇಕೆನ್ನುವುದು ಅದಕ್ಕೇ.

ರೆಕಾರ್ಡ್ ಮಾಡುವಾಗ 128ರಿಂದ ಶುರು ಮಾಡಿ, ಚಟಪಟ ಬಂದರೆ 256ಕ್ಕೆ ಏರಿಸಿ. ಮಿಕ್ಸ್ ಮಾಡುವಾಗ 1024. ಆಗ ಯಾರೂ ಹಾಡುತ್ತಿಲ್ಲ, ತಡವಾದರೆ ಆಗಲಿ. ಈ ಎರಡು ಕೆಲಸಕ್ಕೂ ಒಂದೇ ಸಂಖ್ಯೆ ಸಾಕೆಂದು ಹಟ ಹಿಡಿಯುವುದೇ ಅರ್ಧ ದೂರುಗಳ ಮೂಲ.

ಡ್ರೈವರ್

ವಿಂಡೋಸಿನ ಹಳೆಯ ದಾರಿಗಳಾದ ಎಂಎಂಇ, ಡೈರೆಕ್ಟ್‌ಸೌಂಡ್ ಮೂಲಕ ದನಿ ಹೋದರೆ ನಡುವೆ ವಿಂಡೋಸಿನ ಮಿಕ್ಸರ್ ಕೂರುತ್ತದೆ. ಬಫರ್ ಎಷ್ಟೇ ಇಳಿಸಿದರೂ ತಡ ಹೋಗದು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಏಸಿಯೋ (ASIO) ಈ ಮಿಕ್ಸರನ್ನು ದಾಟಿ ಸಾಫ್ಟ್‌ವೇರನ್ನು ನೇರವಾಗಿ ಇಂಟರ್‌ಫೇಸಿನ ಡ್ರೈವರಿಗೆ ಜೋಡಿಸುತ್ತದೆ.

1. ಇಂಟರ್‌ಫೇಸ್ ತಯಾರಕರ ಜಾಲತಾಣದಿಂದ ನಿಮ್ಮ ಮಾಡೆಲ್ಲಿನದೇ ಡ್ರೈವರ್ ಇಳಿಸಿಕೊಳ್ಳಿ. ಮಾಡೆಲ್ ಸಂಖ್ಯೆಯ ಜೊತೆ ತಲೆಮಾರನ್ನೂ (ಜನರೇಷನ್) ನೋಡಿ. ಪೆಟ್ಟಿಗೆಯ ಅಡಿಯಲ್ಲಿ ಬರೆದಿರುತ್ತದೆ. ಕೇಬಲ್ ಯಾವಾಗ ಚುಚ್ಚಬೇಕೆಂದು ಇನ್‌ಸ್ಟಾಲರ್ ಹೇಳುತ್ತದೆ, ಅದಕ್ಕೆ ಮೊದಲು ಬೇಡ.
2. ರೀಪರ್‌ನಲ್ಲಿ ಕಂಟ್ರೋಲ್ ಮತ್ತು ಪಿ ಒತ್ತಿ ಪ್ರಿಫರೆನ್ಸಸ್ ತೆರೆಯಿರಿ. ಆಡಿಯೋ, ಅದರ ಕೆಳಗೆ ಡಿವೈಸ್. ಆಡಿಯೋ ಸಿಸ್ಟಮ್ ಎಂಬಲ್ಲಿ ಏಸಿಯೋ, ಏಸಿಯೋ ಡ್ರೈವರ್ ಎಂಬಲ್ಲಿ ನಿಮ್ಮ ಇಂಟರ್‌ಫೇಸಿನ ಹೆಸರು.
3. ಅಲ್ಲೇ ಇರುವ ಏಸಿಯೋ ಕಾನ್ಫಿಗರೇಷನ್ ಗುಂಡಿ ಒತ್ತಿ. ತಯಾರಕರ ಪುಟ್ಟ ಕಿಟಕಿ ತೆರೆಯುತ್ತದೆ. ಬಫರ್ ಬದಲಿಸಬೇಕಾದದ್ದು ಇಲ್ಲಿ. ರೀಪರ್‌ನ ರಿಕ್ವೆಸ್ಟ್ ಬ್ಲಾಕ್ ಸೈಜ್ ಪೆಟ್ಟಿಗೆಯಲ್ಲೂ ಬೇರೆ ಸಂಖ್ಯೆ ಹಾಕಿ ಎರಡು ಕಡೆಯಿಂದ ಎಳೆದಾಡಬೇಡಿ.

ತನ್ನದೇ ಡ್ರೈವರ್ ಇಲ್ಲದ ಯುಎಸ್‌ಬಿ ಮೈಕ್‌ಗಳಿಗೆ ಏಸಿಯೋ4ಆಲ್ ಎಂಬ ಉಚಿತ ಡ್ರೈವರ್ ಇದೆ. ಇದು ಹಾರ್ಡ್‌ವೇರಿನ ಸ್ವಂತ ಡ್ರೈವರ್ ಅಲ್ಲ, ವಿಂಡೋಸಿನ ಡ್ರೈವರಿಗೆ ಹೊದಿಸಿದ ಮುಸುಕು. ಬೇರೆ ಗತಿಯಿಲ್ಲದಾಗ ಒಳ್ಳೆಯದೇ, ಆದರೆ ಸ್ವಂತ ಏಸಿಯೋ ಇರುವ ಇಂಟರ್‌ಫೇಸಿಗೆ ಇದನ್ನು ಹಾಕುವುದು ವ್ಯರ್ಥ. ಸಾಧನವನ್ನು ಒಂದೇ ಸಾಫ್ಟ್‌ವೇರಿಗೆ ಮೀಸಲಿಡುವ, ವಿಂಡೋಸಿನದೇ ವಾಸಾಪಿ ಎಕ್ಸ್‌ಕ್ಲೂಸಿವ್ ಇನ್ನೊಂದು ದಾರಿ. ಅದು ನಡೆಯುತ್ತಿರುವಾಗ ಬ್ರೌಸರಿನ ಸದ್ದು ಅದೇ ಸಾಧನದಲ್ಲಿ ಕೇಳದು, ಅದು ದೋಷವಲ್ಲ.

ಎರಡು ಗಡಿಯಾರಗಳ ಜಗಳ

ಯುಎಸ್‌ಬಿ ಮೈಕಿನಲ್ಲಿ ರೆಕಾರ್ಡ್ ಮಾಡುತ್ತಾ, ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿ ಕೇಳುವವರಿಗೆ ಒಂದು ವಿಚಿತ್ರ ಕಾಟ ಇರುತ್ತದೆ: ಒಂದೆರಡು ನಿಮಿಷ ಎಲ್ಲ ಚೆನ್ನಾಗಿ, ಆಮೇಲೆ ಒಂದು "ಚಟ್", ಮತ್ತೆ ಅಷ್ಟೇ ಹೊತ್ತು ನೆಮ್ಮದಿ, ಮತ್ತೆ "ಚಟ್". ಮೈಕಿನೊಳಗೂ ಲ್ಯಾಪ್‌ಟಾಪಿನ ಸೌಂಡ್ ಚಿಪ್ಪಿನಲ್ಲೂ ಬೇರೆ ಬೇರೆ ಹರಳು ಗಡಿಯಾರಗಳಿವೆ. ಎರಡೂ 44,100 ಎಂದೇ ಹೇಳಿಕೊಂಡರೂ ಯಾವ ಎರಡು ಹರಳುಗಳೂ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ ಬರೀ 50ರ ವ್ಯತ್ಯಾಸ ಇದೆಯೆನ್ನಿ, ಸೆಕೆಂಡಿಗೆ 2.2 ಸ್ಯಾಂಪಲ್, ನಿಮಿಷಕ್ಕೆ 132. ಎರಡು ನಿಮಿಷದೊಳಗೆ 256ರ ಒಂದು ಬಫರ್ ಪೂರ್ತಿ ಏರುಪೇರಾಯಿತು.

ಅದಕ್ಕೆ ಒಳಗೂ ಹೊರಗೂ ಒಂದೇ ಸಾಧನ ಇರಲಿ. ಈಗಿನ ಹಲವು ಯುಎಸ್‌ಬಿ ಮೈಕ್‌ಗಳಲ್ಲಿ ಹೆಡ್‌ಫೋನ್ ತೂತು ಇರುತ್ತದೆ, ಅದನ್ನೇ ಬಳಸಿ. ಏಸಿಯೋ4ಆಲ್ ಕಿಟಕಿಯಲ್ಲಿ ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಕಾರ್ಡ್ ಬೆಳಗುತ್ತಿದ್ದರೆ ಆಫ್ ಮಾಡಿ, ಮೈಕ್ ಒಂದೇ ಉಳಿಯಲಿ. ಮ್ಯಾಕ್‌ನಲ್ಲಿ ಎರಡು ಸಾಧನ ಸೇರಿಸಲೇಬೇಕಾದರೆ ಆಡಿಯೋ ಮಿಡಿ ಸೆಟಪ್‌ನಲ್ಲಿ ಅಗ್ರಿಗೇಟ್ ಡಿವೈಸ್ ಮಾಡಿ, ಒಂದನ್ನು ಗಡಿಯಾರದ ಯಜಮಾನನನ್ನಾಗಿ ಆರಿಸಿ, ಇನ್ನೊಂದಕ್ಕೆ ಡ್ರಿಫ್ಟ್ ಕರೆಕ್ಷನ್ ಗುರುತು ಹಾಕಿ.

ಸ್ಯಾಂಪಲ್ ರೇಟ್ ಹೊಂದಿಸಿ

ಪ್ರಾಜೆಕ್ಟ್ 44.1 ಕಿಲೋಹರ್ಟ್ಸ್, ವಿಂಡೋಸ್ 48 ಕಿಲೋಹರ್ಟ್ಸ್ ಎಂದು ಹಿಡಿದು ಕೂತರೆ ನಡುವೆ ಯಾರೋ ಪರಿವರ್ತನೆ ಮಾಡಬೇಕು, ಇಲ್ಲವೇ ಯಾರೋ ಸೋಲಬೇಕು. ಚಟಪಟ, ಸಾಧನ ತೆರೆಯಲಿಲ್ಲ ಎಂಬ ಸಂದೇಶ, ಶ್ರುತಿ ಬದಲಾಗುವುದು ಮೂರೂ ಇದರ ಲಕ್ಷಣ. 44.1ರ ಫೈಲನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರೆ ಒಂದನೇ ಮನೆಯ ಶ್ರುತಿಯಲ್ಲಿ ಹಾಡಿದ್ದು ಒಂದೂವರೆಗೂ ಎರಡಕ್ಕೂ ನಡುವೆ ಎಲ್ಲೋ ಕೇಳುತ್ತದೆ, ಹಾಡೂ ಬೇಗ ಮುಗಿಯುತ್ತದೆ. ಇಷ್ಟು ಕೇಳಿಸಿದರೆ ಬೇರೇನೂ ಹುಡುಕಬೇಡಿ.

ರೀಪರ್‌ನಲ್ಲಿ ಆಲ್ಟ್ ಮತ್ತು ಎಂಟರ್ ಒತ್ತಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದು ಸ್ಯಾಂಪಲ್ ರೇಟ್ ನೋಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಮೋರ್ ಸೌಂಡ್ ಸೆಟ್ಟಿಂಗ್ಸ್. ಪ್ಲೇಬ್ಯಾಕ್ ಪಟ್ಟಿಯಲ್ಲಿ ಇಂಟರ್‌ಫೇಸ್ ಆರಿಸಿ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಡೀಫಾಲ್ಟ್ ಫಾರ್ಮ್ಯಾಟ್. ರೆಕಾರ್ಡಿಂಗ್ ಪಟ್ಟಿಯಲ್ಲೂ ಅದೇ. ವಿಡಿಯೋಗೆ ಕೆಲಸ ಮಾಡುವವರು ಎಲ್ಲ ಕಡೆ 48 ಇಡಿ. 96ಕ್ಕೆ ಆಸೆಪಡಬೇಡಿ: ಅದೇ ಬಫರಿಗೆ ತಡ ಅರ್ಧವಾಗುವುದು ನಿಜ, ಆದರೆ ಪ್ರೊಸೆಸರಿನ ಕೆಲಸ ಸುಮಾರು ಇಮ್ಮಡಿ.

ಅದೇ ಪಟ್ಟಿಯಲ್ಲಿ ಇನ್ನೊಂದು ಕೆಲಸ: ವಿಂಡೋಸಿನ ಡೀಫಾಲ್ಟ್ ಸಾಧನವಾಗಿ ಲ್ಯಾಪ್‌ಟಾಪಿನ ಸ್ಪೀಕರನ್ನೇ ಬಿಡಿ. ಇಂಟರ್‌ಫೇಸ್ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಮಾತ್ರ ಮೀಸಲಾಗುತ್ತದೆ, ವಾಟ್ಸ್ಆ್ಯಪ್ ಸಂದೇಶದ "ಟಿಣ್" ಅದನ್ನು ಬಂದು ಎಬ್ಬಿಸುವುದಿಲ್ಲ.

ಯುಎಸ್‌ಬಿ ಕೇಬಲ್, ತೂತು, ಹಬ್

ಇಂಟರ್‌ಫೇಸನ್ನು ಲ್ಯಾಪ್‌ಟಾಪಿಗೆ ನೇರ ಚುಚ್ಚಿ, ಹಬ್ ಬೇಡ. ಯುಎಸ್‌ಬಿ 2.0 ತೂತಿನಿಂದ ಸಿಗುವುದು 500 ಮಿಲಿಆಂಪಿಯರ್. ಪವರಿಲ್ಲದ ಹಬ್ಬಿನಲ್ಲಿ ಅದನ್ನೇ ಮೌಸ್, ವೆಬ್‌ಕ್ಯಾಮ್, ಪೆನ್‌ಡ್ರೈವ್ ಹಂಚಿಕೊಳ್ಳಬೇಕು. 48 ವೋಲ್ಟಿನ ಗುಂಡಿ ಒತ್ತಿದಾಗ ಮಾತ್ರ ಚಟಪಟ ಶುರುವಾದರೆ, ಅಥವಾ ಇಂಟರ್‌ಫೇಸ್ ಆಗಾಗ ತಾನೇ ಆರಿ ಹತ್ತಿದರೆ, ಕರೆಂಟ್ ಸಾಲುತ್ತಿಲ್ಲ ಅಂತಲೇ ಅರ್ಥ. ಡೆಸ್ಕ್‌ಟಾಪ್ ಆದರೆ ಮುಂದಿನ ತೂತು ಬಿಟ್ಟು ಹಿಂದುಗಡೆ ಮದರ್‌ಬೋರ್ಡಿನದ್ದಕ್ಕೆ ಚುಚ್ಚಿ. ಕೇಬಲ್ ಒಂದೆರಡು ಮೀಟರಿನದ್ದು ಇರಲಿ. 5 ಮೀಟರ್ ಯುಎಸ್‌ಬಿ 2.0ರ ಮಿತಿ. ಫೋನ್ ಚಾರ್ಜರಿನ ಜೊತೆ ಬಂದ ಕೇಬಲ್‌ಗಳಲ್ಲಿ ಕೆಲವು ಬರೀ ಚಾರ್ಜಿಗಷ್ಟೇ.

ವಿಂಡೋಸಿನ ಒಳಗಿನ ಕಳ್ಳರು

ಡ್ರೈವರ್ ಸರಿ, ರೇಟ್ ಸರಿ, ಕೇಬಲ್ ಸರಿ, 256ರಲ್ಲೂ ಆಗಾಗ ಚಟಪಟ, ಪ್ರೊಸೆಸರ್ ನೋಡಿದರೆ 15 ಪರ್ಸೆಂಟೂ ಓಡುತ್ತಿಲ್ಲ. ಜನ ತಲೆ ಚಚ್ಚಿಕೊಳ್ಳುವುದು ಇಲ್ಲಿ.

ಪ್ರೊಸೆಸರಿಗೆ ಸರಾಸರಿ ಎಷ್ಟು ಕೆಲಸ ಇದೆ ಎನ್ನುವುದು ದನಿಗೆ ಮುಖ್ಯವಲ್ಲ. ಕರೆದ ಗಳಿಗೆಗೆ ಅದು ಬರುತ್ತದೆಯೇ ಎನ್ನುವುದು ಮುಖ್ಯ. ವೈಫೈ, ಗ್ರಾಫಿಕ್ಸ್, ಬ್ಯಾಟರಿಯ ಡ್ರೈವರ್‌ಗಳಿಗೆ ವಿಂಡೋಸಿನಲ್ಲಿ ಸಾಮಾನ್ಯ ಸಾಫ್ಟ್‌ವೇರಿಗಿಂತ ಮೇಲಿನ ಮರ್ಯಾದೆ. ಅವು ಕೆಲಸ ಹಿಡಿದರೆ ಮುಗಿಸುವ ತನಕ ರೀಪರ್ ಬಾಗಿಲಲ್ಲಿ ನಿಲ್ಲಬೇಕು. 128 ಸ್ಯಾಂಪಲ್ ಬಫರಿನಲ್ಲಿ ನಿಮ್ಮ ಕೈಯಲ್ಲಿರುವುದು ಒಟ್ಟು 2,667 ಮೈಕ್ರೋಸೆಕೆಂಡ್. ಅದರಲ್ಲಿ ವೈಫೈ ಡ್ರೈವರ್ 1,000 ತಿಂದುಬಿಟ್ಟರೆ ಹೊತ್ತು ಎಲ್ಲಿ ಉಳಿಯಿತು?

ಈ ಕಳ್ಳರನ್ನು ಹಿಡಿಯಲು ಲೇಟೆನ್ಸಿಮಾನ್ ಎಂಬ ಉಪಕರಣ ಇದೆ, ಮನೆಬಳಕೆಗೆ ಉಚಿತ. ಬೇರೆಲ್ಲ ಮುಚ್ಚಿ, ಹತ್ತು ನಿಮಿಷ ಓಡಲು ಬಿಡಿ. ಮುಖಪುಟದ ಹಸಿರು ಕೆಂಪು ತೀರ್ಪಿಗಿಂತ ಡ್ರೈವರ್ಸ್ ಪುಟ ಮುಖ್ಯ: ಹೈಯೆಸ್ಟ್ ಎಕ್ಸಿಕ್ಯೂಷನ್ ಕಾಲಮ್ಮಿನ ಮೇಲೆ ಒತ್ತಿದರೆ ಅತಿ ಹೆಚ್ಚು ಹೊತ್ತು ತಿಂದವರು ಮೇಲೆ ಬರುತ್ತಾರೆ.

ಹೆಸರು ಎನ್‌ಡಿಐಎಸ್ ಎಂದಿದ್ದರೆ ನೆಟ್‌ವರ್ಕ್. ವೈಫೈ ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಇಳಿದರೆ ವೈಫೈ ಡ್ರೈವರ್ ಹೊಸದು ಹಾಕಿ, ರೆಕಾರ್ಡಿಂಗ್ ಹೊತ್ತಿನಲ್ಲಿ ಏರೋಪ್ಲೇನ್ ಮೋಡ್ ಹಾಕಿಕೊಳ್ಳಿ. ಎನ್‌ವಿಎಲ್‌ಡಿಡಿಎಂಕೆಎಂ ಎಂದಿದ್ದರೆ ಎನ್‌ವಿಡಿಯಾ ಗ್ರಾಫಿಕ್ಸ್. ಡ್ರೈವರ್ ಹೊಸದು ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಅದರ ಹೈ ಡೆಫಿನಿಷನ್ ಆಡಿಯೋವನ್ನು ಡಿಸೇಬಲ್ ಮಾಡಿ. ಎಸಿಪಿಐ ಎಂದಿದ್ದರೆ ವಿದ್ಯುತ್ ನಿರ್ವಹಣೆ. ಮೊದಲು ಲ್ಯಾಪ್‌ಟಾಪ್ ತಯಾರಕರ ಹೊಸ ಬಯಾಸ್ (ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಇದೆಯೇ ನೋಡಿ. ಅದೂ ಆಗದಿದ್ದರೆ ಡಿವೈಸ್ ಮ್ಯಾನೇಜರಿನ ಬ್ಯಾಟರೀಸ್ ಅಡಿಯಲ್ಲಿ ಎಸಿಪಿಐ ಕಂಟ್ರೋಲ್ ಮೆಥಡ್ ಬ್ಯಾಟರಿಯನ್ನು ತಾತ್ಕಾಲಿಕವಾಗಿ ಡಿಸೇಬಲ್ ಮಾಡಬಹುದು. ಆಗ ಬ್ಯಾಟರಿ ಎಷ್ಟಿದೆ ಎಂದು ತೋರಿಸುವುದಿಲ್ಲ, ಚಾರ್ಜರ್ ಹಾಕಿಯೇ ಮಾಡಿ, ಮುಗಿದ ಮೇಲೆ ವಾಪಸು ಎನೇಬಲ್ ಮಾಡಿ. ಸ್ಟೋರ್‌ಪೋರ್ಟ್ ಎಂದರೆ ಡಿಸ್ಕ್. ಡಬ್ಲ್ಯುಡಿಎಫ್01000 ಎಂದರೆ ಕಷ್ಟ, ಅದು ಬೇರೆ ಯಾವುದೋ ಡ್ರೈವರಿನ ಮುಖವಾಡ. ಒಂದೊಂದೇ ಯುಎಸ್‌ಬಿ ಸಾಧನ ಕಿತ್ತು ನೋಡುವುದೇ ದಾರಿ.

ಪವರ್ ಸೆಟ್ಟಿಂಗ್‌ಗಳನ್ನು ಇದರ ಜೊತೆಗೇ ಮುಗಿಸಿ. ಚಾರ್ಜರ್ ಹಾಕಿರಲಿ. ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಎಂಬಲ್ಲಿ ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನು ಡಿಸೇಬಲ್ಡ್, ಮಿನಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100 ಪರ್ಸೆಂಟ್ ಮಾಡಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲುಗಳು ಕಾಣಿಸುವುದಿಲ್ಲ, ಗಾಬರಿ ಬೇಡ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳ ಪ್ರಾಪರ್ಟೀಸ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಪುಟದ ಗುರುತು ತೆಗೆಯಿರಿ.

ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಚಟಪಟ ಶುರುವಾದರೆ ಕಾರಣ ಬಿಸಿ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಸ್ಪೀಡ್ ಎಂಬುದು ಕೆಲಸದ ನಡುವೆ ಬೇಸ್ ಸ್ಪೀಡಿಗಿಂತ ಕೆಳಗಿಳಿದಿದೆಯೇ ನೋಡಿ. ಫ್ಯಾನಿನ ಸದ್ದು ಮೈಕಿಗೆ ಬೀಳಬಾರದೆಂದು ಲ್ಯಾಪ್‌ಟಾಪನ್ನು ದಿಂಬಿನ ಮೇಲೆ ಇಡುವವರಿದ್ದಾರೆ. ಅದು ಅದರ ಮೂಗು ಮುಚ್ಚಿದಂತೆ. ಮೇಜಿನ ಮೇಲಿಟ್ಟು, ಮೈಕನ್ನು ದೂರ ಒಯ್ಯಿರಿ.

ಪ್ಲಗಿನ್‌ಗಳ ಭಾರ

ರೀಪರ್‌ನ ವ್ಯೂ ಮೆನುವಿನಲ್ಲಿ ಪರ್ಫಾರ್ಮೆನ್ಸ್ ಮೀಟರ್ ತೆರೆಯಿರಿ. ಒಟ್ಟು ಸಿಪಿಯು ಅಂಕಿಯನ್ನು ಬಿಡಿ, ಆರ್‌ಟಿ ಸಿಪಿಯು ನೋಡಿ. ರಿಯಲ್ ಟೈಮಿನಲ್ಲಿ ಮುಗಿಯಲೇಬೇಕಾದ ಕೆಲಸ ಅದು. ಒಂದೇ ಟ್ರ್ಯಾಕಿನ ಮೇಲೆ ಸಾಲಾಗಿ ಕೂತ ಎಂಟು ಪ್ಲಗಿನ್‌ಗಳನ್ನು ಎಂಟು ಕೋರ್‌ಗಳು ಹಂಚಿಕೊಳ್ಳಲಾರವು. ಒಂದರ ಫಲ ಬರದೆ ಮುಂದಿನದು ಶುರುವಾಗದು. ಒಟ್ಟು 20 ಪರ್ಸೆಂಟ್ ಇದ್ದೂ ಒಂದು ಕೋರ್ ಏದುಸಿರು ಬಿಡುವುದು ಹೀಗೆ.

ಒಂದು ಸಣ್ಣ ಅಭ್ಯಾಸದಿಂದ ದೊಡ್ಡ ಲಾಭವಿದೆ: ರೆಕಾರ್ಡ್ ಮುಗಿದ ಟ್ರ್ಯಾಕಿನ ಕೆಂಪು ಆರ್ಮ್ ಗುಂಡಿ (ಟ್ರ್ಯಾಕನ್ನು ರೆಕಾರ್ಡಿಗೆ ಸಿದ್ಧವಿಡುವುದು) ಆಫ್ ಮಾಡಿ. ಆರ್ಮ್ ಆಗದ ಟ್ರ್ಯಾಕ್‌ಗಳ ಕೆಲಸವನ್ನು ರೀಪರ್ ಮುಂಚಿತವಾಗಿಯೇ ಮಾಡಿಟ್ಟುಕೊಳ್ಳುತ್ತದೆ. ಆರ್ಮ್ ಮಾಡಿ ಮಾನಿಟರ್ ಇಟ್ಟ ಟ್ರ್ಯಾಕಿಗೆ ಆ ಸೌಕರ್ಯ ಇಲ್ಲ, ಅದು ಆಗಿಂದಾಗಲೇ ಆಗಬೇಕು. ಕ್ಯೂಬೇಸ್‌ನ ಏಸಿಯೋ ಗಾರ್ಡ್ ಮಾಡುವುದೂ ಇದನ್ನೇ.

ಕೆಲವು ಪ್ಲಗಿನ್‌ಗಳು ಪ್ರೊಸೆಸರಿಗೆ ಹಗುರವಾಗಿದ್ದೂ ತಡ ತರುತ್ತವೆ. ಮುಂದೇನು ಬರುತ್ತದೆ ಎಂದು ಇಣುಕಿ ನೋಡುವ ಲಿಮಿಟರ್, ಲೀನಿಯರ್ ಫೇಸ್ ಇಕ್ಯೂ, ಗದ್ದಲ ಕಳೆಯುವ ಪ್ಲಗಿನ್‌ಗಳು ಈ ಜಾತಿಯವು. ರೀಪರ್‌ನ ಎಫ್‌ಎಕ್ಸ್ ಕಿಟಕಿಯ ಕೆಳ ಅಂಚಿನಲ್ಲಿ ಆ ಸಾಲು ಎಷ್ಟು ಸ್ಯಾಂಪಲ್ ತಡ ತರುತ್ತಿದೆ ಎಂದು ಬರೆದಿರುತ್ತದೆ. ಮಾಸ್ಟರ್ ಮೇಲೆ ಕೂತ ಒಂದು ಪ್ಲಗಿನ್ 4,096 ಸ್ಯಾಂಪಲ್ ಹಿಡಿದರೆ 48 ಕಿಲೋಹರ್ಟ್ಸ್‌ನಲ್ಲಿ 85 ಮಿಲಿಸೆಕೆಂಡ್ ಆಯಿತು. ನೀವು ಬಫರನ್ನು 128ರಿಂದ 64ಕ್ಕೆ ಇಳಿಸಿ ಉಳಿಸುವ ಒಂದೆರಡು ಮಿಲಿಸೆಕೆಂಡ್ ಅದರ ಮುಂದೆ ಯಾವ ಲೆಕ್ಕ? ಮೊದಲು ಹಾಡಿ ಮುಗಿಸಿ, ಮಾಸ್ಟರಿಂಗ್ ಪ್ಲಗಿನ್ ಆಮೇಲೆ ಹಾಕಿ.

ದನಿಗೆ ಗುಂಗು ಸೇರಿಸುವ ರಿವರ್ಬನ್ನು ಟ್ರ್ಯಾಕಿಗೊಂದರಂತೆ ಹಾಕುವ ಬದಲು ಒಂದೇ ಟ್ರ್ಯಾಕಿನಲ್ಲಿಟ್ಟು ಎಲ್ಲದರಿಂದ ಅದಕ್ಕೆ ಸೆಂಡ್ (ದನಿಯ ಒಂದು ಕವಲು) ಕಳಿಸಿ. ತಂಬೂರಿ, ತಬಲಾದ ದೊಡ್ಡ ಸ್ಯಾಂಪಲ್ ಲೈಬ್ರರಿಗಳು ಹಾರ್ಡ್‌ಡಿಸ್ಕಿನಲ್ಲಿದ್ದರೆ ಎಸ್‌ಎಸ್‌ಡಿಗೆ ಸಾಗಿಸಿ. ಮುಗಿದ ವಾದ್ಯಗಳ ಟ್ರ್ಯಾಕಿನ ಮೇಲೆ ಬಲಗುಂಡಿ ಒತ್ತಿ ಫ್ರೀಜ್ ಮಾಡಿ, ಅಂದರೆ ಪ್ಲಗಿನ್ ಸಮೇತ ಆಡಿಯೋ ಫೈಲಾಗಿಸಿ; ಬೇಕಾದಾಗ ಅನ್‌ಫ್ರೀಜ್ ಆಗುತ್ತದೆ.

ಡೈರೆಕ್ಟ್ ಮಾನಿಟರಿಂಗ್, ರಿವರ್ಬ್ ಸಮೇತ

ಗಾಯಕರಿಗೆ ಇದೇ ನಿಜವಾದ ಪರಿಹಾರ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಹಾಕಿದರೆ ದನಿ ಕಂಪ್ಯೂಟರಿಗೆ ಹೋಗಿಬರದೆ ಅಲ್ಲಿಂದಲೇ ಹೆಡ್‌ಫೋನಿಗೆ ತಿರುಗುತ್ತದೆ. ಬಫರ್ 512 ಇದ್ದರೂ ಚಿಂತೆಯಿಲ್ಲ. ಆದರೆ ಆ ಟ್ರ್ಯಾಕಿನ ರೆಕಾರ್ಡ್ ಮಾನಿಟರ್ ಗುಂಡಿ ಆಫ್ ಮಾಡಬೇಕು, ಇಲ್ಲದಿದ್ದರೆ ಒಂದು ದನಿ ಈಗ, ಇನ್ನೊಂದು ಆಮೇಲೆ ಬಂದು ಜೋಡಿಯಾಗಿ ಕೇಳುತ್ತದೆ. "ಎಕೋ ಬರ್ತಿದೆ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಒಣ ದನಿ ಕೇಳಿಕೊಂಡು ಹಾಡಲು ಆಗುವುದಿಲ್ಲ ಎನ್ನುವವರಿಗೆ ಒಂದು ಉಪಾಯ. ಹೊಸ ಟ್ರ್ಯಾಕ್ ಮಾಡಿ ಅದರಲ್ಲಿ ರಿವರ್ಬ್ ಹಾಕಿ, ವೆಟ್ (ಗುಂಗು) 100 ಪರ್ಸೆಂಟ್, ಡ್ರೈ (ಮೂಲದನಿ) ಪೂರ್ತಿ ಸೊನ್ನೆ. ಹಾಡುವ ಟ್ರ್ಯಾಕಿನ ಮಾನಿಟರ್ ಹಾಕಿ, ಆದರೆ ಅದರ ಮಾಸ್ಟರ್ ಸೆಂಡ್ (ಮಾಸ್ಟರಿಗೆ ಹೋಗುವ ದಾರಿ) ಆಫ್ ಮಾಡಿ, ರಿವರ್ಬ್ ಟ್ರ್ಯಾಕಿಗೆ ಮಾತ್ರ ಸೆಂಡ್ ಕೊಡಿ. ಈಗ ಮೂಲದನಿ ಇಂಟರ್‌ಫೇಸಿನಿಂದ ತಡವಿಲ್ಲದೆ, ಗುಂಗು ಮಾತ್ರ ಕಂಪ್ಯೂಟರಿನಿಂದ ಬರುತ್ತದೆ. ಗುಂಗು 20 ಮಿಲಿಸೆಕೆಂಡ್ ತಡವಾದರೆ ದೊಡ್ಡ ಸಭಾಂಗಣದಲ್ಲಿ ನಿಂತಂತೆ ಕೇಳುತ್ತದೆ, ಅಷ್ಟೆ. ಆ ಟೇಕನ್ನು ಕೇಳಿನೋಡುವಾಗ ಮಾಸ್ಟರ್ ಸೆಂಡ್ ಮತ್ತೆ ಹಾಕಲು ಮರೆಯಬೇಡಿ.

ರೆಕಾರ್ಡ್ ಆದದ್ದು ಹಿಂದೆ ಬಿದ್ದರೆ

ಸಾಮಾನ್ಯವಾಗಿ ಸಾಫ್ಟ್‌ವೇರ್ ಡ್ರೈವರಿನಿಂದ ತಡದ ಲೆಕ್ಕ ಕೇಳಿ ಟ್ರ್ಯಾಕನ್ನು ಅಷ್ಟು ಎಡಕ್ಕೆ, ಅಂದರೆ ಮುಂಚಿನ ಜಾಗಕ್ಕೆ, ಸರಿಸುತ್ತದೆ. ಡ್ರೈವರ್ ಸುಳ್ಳು ಹೇಳಿದರೆ ಟ್ರ್ಯಾಕ್ ಜಾಗ ತಪ್ಪುತ್ತದೆ. ಪರೀಕ್ಷೆ ಹೀಗೆ: 48 ವೋಲ್ಟ್ ಆಫ್ ಮಾಡಿ, ಡೈರೆಕ್ಟ್ ಮಾನಿಟರ್ ಆಫ್ ಮಾಡಿ, ಹೆಡ್‌ಫೋನ್ ಕಿವಿಯಿಂದ ತೆಗೆಯಿರಿ. ಇಂಟರ್‌ಫೇಸಿನ ಲೈನ್ ಔಟ್ 1ರಿಂದ ಒಂದು ಇನ್‌ಪುಟ್‌ಗೆ ಕೇಬಲ್ ಎಳೆದು, ಆ ಇನ್‌ಪುಟ್ಟನ್ನು ಲೈನ್‌ಗೆ ಹಾಕಿ. ಒಂದು ಟ್ರ್ಯಾಕಿನಲ್ಲಿ ಕ್ಲಿಕ್ ಸದ್ದಿನ ಫೈಲ್ ಇಡಿ, ಇನ್ನೊಂದನ್ನು ಆರ್ಮ್ ಮಾಡಿ ಅದರ ಮಾನಿಟರ್ ಆಫ್ ಮಾಡಿ; ಮರೆತರೆ ಸದ್ದು ಸುತ್ತಿ ಸುತ್ತಿ ಕೂಗತೊಡಗುತ್ತದೆ. ರೆಕಾರ್ಡ್ ಮಾಡಿ, ದೊಡ್ಡದು ಮಾಡಿ, ಎರಡು ಕ್ಲಿಕ್‌ಗಳ ನಡುವಿನ ಅಂತರವನ್ನು ಸ್ಯಾಂಪಲ್‌ನಲ್ಲಿ ಅಳೆಯಿರಿ. ಆ ಸಂಖ್ಯೆಯನ್ನು ಪ್ರಿಫರೆನ್ಸಸ್, ಆಡಿಯೋ, ರೆಕಾರ್ಡಿಂಗ್ ಪುಟದ ಔಟ್‌ಪುಟ್ ಮ್ಯಾನುಯಲ್ ಆಫ್‌ಸೆಟ್ ಎಂಬಲ್ಲಿ ಬರೆಯಿರಿ. ಮತ್ತೊಮ್ಮೆ ರೆಕಾರ್ಡ್ ಮಾಡಿ ನೋಡಿ. ಅಂತರ ಇಮ್ಮಡಿಯಾದರೆ ಚಿಹ್ನೆ ಬದಲಿಸಿ.

ಅಡಾಸಿಟಿ ಎಂಬ ಸಾಫ್ಟ್‌ವೇರ್ ಬಳಸುವವರಿಗೆ ಪ್ರಿಫರೆನ್ಸಸ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಷನ್ ಎಂಬ ಸಾಲಿದೆ, ಮೊದಲಿಗೆ ಮೈನಸ್ 130 ಮಿಲಿಸೆಕೆಂಡ್ ಇರುತ್ತದೆ. ಪರೀಕ್ಷೆಯಲ್ಲಿ ಇನ್ನೂ 50 ಹಿಂದೆ ಬಿದ್ದಿದ್ದರೆ ಮೈನಸ್ 180 ಮಾಡಿ.

ಮ್ಯಾಕ್‌ನವರಿಗೆ

ಕೋರ್ ಆಡಿಯೋ ಎಂಬ ದನಿಯ ವ್ಯವಸ್ಥೆ ಮ್ಯಾಕ್‌ನೊಳಗೇ ಇರುವುದರಿಂದ ಡ್ರೈವರಿನ ಪಾಡು ಕಡಿಮೆ. ಲಾಜಿಕ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಆಡಿಯೋ ಸೆಟ್ಟಿಂಗ್ಸ್‌ನ ಡಿವೈಸಸ್ ಪುಟದಲ್ಲಿ ಐ/ಒ ಬಫರ್ ಸೈಜ್ ಇದೆ; ಲೋ ಲೇಟೆನ್ಸಿ ಮೋಡ್ ಹಾಕಿದರೆ ತಡ ತರುವ ಪ್ಲಗಿನ್‌ಗಳನ್ನು ಅದು ರೆಕಾರ್ಡಿಂಗ್ ಹೊತ್ತಿಗೆ ಬದಿಗಿಡುತ್ತದೆ. ಬ್ಯಾಟರಿಯ ಲೋ ಪವರ್ ಮೋಡ್ ತೆಗೆಯಿರಿ. ಎಂ ಸರಣಿಯ ಚಿಪ್ ಇರುವವರು ಇಂಟೆಲ್ ಕಾಲದ ಹಳೆಯ ಪ್ಲಗಿನ್‌ಗಳಿಗೆ ಹೊಸ ಆವೃತ್ತಿ ಹಾಕಿಕೊಳ್ಳಿ, ಅವನ್ನು ಹೊಸ ಚಿಪ್ಪಿಗೆ ಅನುವಾದಿಸುವ ರೊಸೆಟಾದ ಮೂಲಕ ಓಡುವುದಕ್ಕೆ ಹೆಚ್ಚು ಶ್ರಮ ಬೇಕು.

ಚಟಪಟ ಆಗಲೇ ರೆಕಾರ್ಡ್ ಆಗಿಹೋಗಿದ್ದರೆ

ಇನ್ನೊಮ್ಮೆ ಹಾಡಲಾಗದ ಟೇಕ್ ಆಗಿದ್ದರೆ ಅಡಾಸಿಟಿಯಲ್ಲಿ ತೆರೆಯಿರಿ. ಒಂಟಿ "ಚಟ್" ಇರುವ ಜಾಗವನ್ನು ದೊಡ್ಡದು ಮಾಡಿ, ಆ ಜಿಗಿತದಷ್ಟನ್ನೇ ಆರಿಸಿ ರಿಪೇರ್ ಎಫೆಕ್ಟ್ ಕೊಡಿ. ಅದು ಒಂದು ಸಲಕ್ಕೆ 128 ಸ್ಯಾಂಪಲ್‌ಗಿಂತ ಹೆಚ್ಚಿಗೆ ಒಪ್ಪುವುದಿಲ್ಲ. ಹಲವಾರು ಇದ್ದರೆ ಕ್ಲಿಕ್ ರಿಮೂವಲ್, ಆದರೆ ಪೂರ್ತಿ ಹಾಡಿಗೆ ಕೊಡಬೇಡಿ, "ತ", "ಕ" ಅಕ್ಷರಗಳ ಮೊನೆಯನ್ನೂ ಅದು ಸವೆಸೀತು.

ಡ್ರಾಪ್‌ಔಟ್‌ನಲ್ಲಿ ಸ್ಯಾಂಪಲ್‌ಗಳೇ ಕಳೆದುಹೋಗಿದ್ದರೆ ಬರೀ ತೇಪೆ ಸಾಲದು. ಅಲ್ಲಿಂದ ಮುಂದಿನದೆಲ್ಲ ಅಷ್ಟು ಮುಂಚೆ ಬಂದಿರುತ್ತದೆ; ಐದಾರು ಕಡೆ ಹೀಗಾದರೆ ಕೊನೆಯ ಚರಣ ತಾಳಕ್ಕಿಂತ ಎದ್ದು ಕಾಣುವಷ್ಟು ಮುಂದೆ ಓಡಿರುತ್ತದೆ. ಪ್ರತಿ "ಚಟ್" ಆದ ಮೇಲೆ ಹಾಡುವವರು ಉಸಿರು ತೆಗೆದುಕೊಂಡ ಜಾಗ ಹುಡುಕಿ, ಅಲ್ಲಿ ಕತ್ತರಿಸಿ, ಉಳಿದ ಭಾಗವನ್ನು ಹಿನ್ನೆಲೆಯ ಪೆಟ್ಟಿಗೆ ಕೂಡುವ ತನಕ ಬಲಕ್ಕೆ ಸರಿಸಿ, ಕತ್ತರಿಸಿದ ಕಡೆ 10 ಮಿಲಿಸೆಕೆಂಡಿನ ಫೇಡ್ ಕೊಡಿ.